ಬಾನೆಟ್ ಒಳಗಿಂದ ಬರೋ ‘ಉಸ್ಸ್’ ಸದ್ದು: ಹುಡುಕೋದು ಹೇಗೆ, ಸರಿಮಾಡೋದು ಹೇಗೆ

ಬೇರಿಂಗ್ ಹೋದರೆ ಗುರ್ ಅನ್ನುತ್ತದೆ. ಬೆಲ್ಟ್ ಸಡಿಲವಾದರೆ ಕೀಚ್ ಅನ್ನುತ್ತದೆ. ಇಂಜಿನ್ ಕಡೆಯಿಂದ ‘ಉಸ್ಸ್’ ಅಂತ ಬಂದರೆ ಮಾತ್ರ ಅದು ಒತ್ತಡದ ಸದ್ದು. ಎಲ್ಲೋ ಒಂದು ಸಣ್ಣ ಕಿಂಡಿಯಲ್ಲಿ ಗಾಳಿಯೋ ಆವಿಯೋ ಗ್ಯಾಸೋ ನುಗ್ಗುತ್ತಿದೆ. ಹಾಗಾಗಿ ಯಾವ ಪಾರ್ಟ್ ಬದಲಿಸಬೇಕು ಅಂತ ಯೋಚಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹೊರಗಿನ ಗಾಳಿಯನ್ನು ಇಂಜಿನ್ ಒಳಕ್ಕೆ ಎಳೆದುಕೊಳ್ಳುತ್ತಿದೆಯೋ, ಒಳಗಿರೋದು ಹೊರಕ್ಕೆ ನುಗ್ಗುತ್ತಿದೆಯೋ? ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ತಿಳಿಯೋಕೆ ಸ್ಪ್ಯಾನರ್ ಕೂಡ ಬೇಕಾಗಿಲ್ಲ, ಕಿವಿ ಸಾಕು.

ಮೊದಲು: ಕೈ ಹಾಕಲೇಬಾರದ ಸಂದರ್ಭಗಳು

ಸಿಎನ್‌ಜಿ ಅಥವಾ ಎಲ್‌ಪಿಜಿ ಕಾರಾಗಿದ್ದು, ಸದ್ದಿನ ಜೊತೆ ಗ್ಯಾಸ್ ವಾಸನೆಯೂ ಇದ್ದರೆ ಹುಡುಕೋಕೆ ಹೋಗಬೇಡಿ. ತುಂಬಿದ ಸಿಎನ್‌ಜಿ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಟಯರಿನಲ್ಲಿರೋದು 2 ಬಾರ್ ಚಿಲ್ಲರೆ ಅಷ್ಟೇ, ವ್ಯತ್ಯಾಸ ನೀವೇ ಊಹಿಸಿ. ಇಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ, ಬಾಗಿಲು ತೆರೆದಿಟ್ಟು ದೂರ ಹೋಗಿ. ಸಿಲಿಂಡರಿನ ವಾಲ್ವ್ ಸುಲಭವಾಗಿ ಕೈಗೆ ಸಿಗುವಂತಿದ್ದರೆ ಬಂದ್ ಮಾಡಿ. ವಾಸನೆ ಜೋರಾಗಿದ್ದರೆ ಅದಕ್ಕೂ ಹೋಗಬೇಡಿ. ಬೆಂಕಿಕಡ್ಡಿ, ಸಿಗರೇಟು, ಮತ್ತೆ ಸ್ಟಾರ್ಟ್ ಮಾಡಿ ನೋಡೋದು ಯಾವುದೂ ಬೇಡ. ಸಿಎನ್‌ಜಿ ಗಾಳಿಗಿಂತ ಹಗುರ, ಮೇಲಕ್ಕೆ ಹೋಗಿಬಿಡುತ್ತದೆ. ಎಲ್‌ಪಿಜಿ ಭಾರ, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ನೆಲಕ್ಕಂಟಿಕೊಂಡು ನಿಲ್ಲುತ್ತದೆ. ಈ ಕೆಲಸ ಆ ಕಿಟ್‌ನ ಅಧಿಕೃತ ಸರ್ವಿಸ್‌ನವರದು. ಹಾಗೇ ಸಿಎನ್‌ಜಿ ಸಿಲಿಂಡರಿನ ಮೂರು ವರ್ಷದ ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಕೊಟ್ಟು ಮಾಡುವ ಪರೀಕ್ಷೆ) ಬಾಕಿ ಉಳಿದಿದ್ದರೆ ಆಗಲೇ ಮಾಡಿಸಿಬಿಡಿ.

ಪೆಟ್ರೋಲ್ ವಾಸನೆ ಜೋರಾಗಿದ್ದರೂ ಇದೇ ನಿಯಮ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿದ್ದರೆ ಇಂಜಿನ್ ನಿಲ್ಲಿಸಿ. ಬಾನೆಟ್ ಸಂದಿಯಿಂದ ಆವಿ ಬರೋದು ಕಡಿಮೆಯಾಗುವವರೆಗೆ ಬಾನೆಟ್ ಎತ್ತಬೇಡಿ.

ಹಂತ 1: ಸದ್ದು ಯಾವಾಗ ಜೋರಾಗುತ್ತದೆ?

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಎಸಿ ಮತ್ತು ಮ್ಯೂಸಿಕ್ ಆಫ್ ಆಗಿರಲಿ. ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ಟು ಕೇಳಿ. ಆಮೇಲೆ ಇನ್ನೊಬ್ಬರಿಗೆ ನಿಧಾನವಾಗಿ 2500 ಆರ್‌ಪಿಎಂವರೆಗೆ ಆಕ್ಸಿಲರೇಟರ್ ಒತ್ತೋಕೆ ಹೇಳಿ.

ಐಡ್ಲಿಂಗ್‌ನಲ್ಲಿ ಜೋರಾಗಿದ್ದು, ಆಕ್ಸಿಲರೇಟರ್ ಒತ್ತಿದ ತಕ್ಷಣ ಕಡಿಮೆಯಾದರೆ ಅದು ವ್ಯಾಕ್ಯೂಮ್ ಲೀಕ್. ಗಾಳಿ ಒಳಕ್ಕೆ ಹೋಗುತ್ತಿದೆ. ಪೆಟ್ರೋಲ್ ಕಾರುಗಳಲ್ಲಿ ಇದೇ ಜಾಸ್ತಿ.

ನಿಂತಾಗ ಏನೂ ಇಲ್ಲ, ಏರು ಹತ್ತುವಾಗ ಅಥವಾ ಓವರ್‌ಟೇಕ್ ಮಾಡುವಾಗ ಮಾತ್ರ ಬುಸ್ಸೆನ್ನುತ್ತದೆ, ಜೊತೆಗೆ ಪಿಕಪ್ ಕೂಡ ಬಿದ್ದಿದೆ ಅಂದರೆ ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು) ಪೈಪಿನ ಕಡೆ ನೋಡಿ.

ಇಂಜಿನ್ ಬಿಸಿಯಾದ ಮೇಲೆ ಶುರುವಾಗಿ, ಆಫ್ ಮಾಡಿದ ನಂತರವೂ ಮುಂದುವರಿದರೆ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ. ತಣ್ಣಗಿದ್ದಾಗ ಪುಸ್ ಪುಸ್ ಅಂತ ತಾಳಕ್ಕೆ ಬಂದು, ಬಿಸಿಯಾದಂತೆ ಮಾಯವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್‌ನಿಂದ ಹೊಗೆ ಹೊರಗೊಯ್ಯುವ ಪೈಪು. ಬ್ರೇಕ್ ಒತ್ತಿದಾಗ ಮಾತ್ರ ಕಾಲ ಬಳಿ ಬಂದರೆ ಬ್ರೇಕ್ ಬೂಸ್ಟರ್, ಅಂದರೆ ಪೆಡಲ್ ಹಗುರ ಮಾಡುವ ಡಬ್ಬಿ. ಎಸಿ ಸ್ವಿಚ್ ಜೊತೆ ಬಂದು ಹೋದರೆ ಎಸಿ.

ಮಳೆಯಲ್ಲಿ ನೀರು ನಿಂತ ರಸ್ತೆ ದಾಟಿ ಬಂದಾಗ ಅಥವಾ ವಾಟರ್ ವಾಶ್ ಮಾಡಿಸಿದ ಮೇಲೆ ಉಸ್ಸೆಂದು ಸ್ವಲ್ಪ ಆವಿ ಎದ್ದರೆ ಗಾಬರಿ ಬೇಡ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ನೀರು ಬಿದ್ದಿದೆ ಅಷ್ಟೇ.

ಹಂತ 2: ಜಾಗ ಪತ್ತೆ ಮಾಡೋದು

ಗಿಡಕ್ಕೆ ನೀರು ಬಿಡೋ ಪೈಪಿನಲ್ಲಿ ಮೂರು ಅಡಿ ಕತ್ತರಿಸಿ. ಒಂದು ತುದಿ ಕಿವಿ ಹತ್ತಿರ, ಇನ್ನೊಂದು ತುದಿಯನ್ನು ಇಂಜಿನ್ ಮೇಲೆ ನಿಧಾನವಾಗಿ ಆಡಿಸಿ. ಬರೀ ಕಿವಿಗೆ ಸದ್ದು ಇಡೀ ಬಾನೆಟ್ ತುಂಬ ಹರಡಿದಂತೆ ಕೇಳುತ್ತದೆ. ಪೈಪಿನಲ್ಲಿ ಕೇಳಿದರೆ ಲೀಕ್ ಇರೋ ಜಾಗಕ್ಕೆ ಬಂದಾಗ ಥಟ್ಟನೆ ಜೋರಾಗುತ್ತದೆ. ಅಂಗಡಿಯಲ್ಲಿ ಸಿಗೋ ಕಡ್ಡಿ ಇರುವ ಸ್ಟೆಥಸ್ಕೋಪ್ ಬೇರಿಂಗ್ ಸದ್ದಿಗೆ ಒಳ್ಳೆಯದು. ಗಾಳಿಯ ಸದ್ದಿಗೆ ಈ ಪೈಪೇ ಮೇಲು.

ಓಡುತ್ತಿರೋ ಇಂಜಿನ್ ಮೇಲೆ ಬಗ್ಗುವಾಗ ಎಚ್ಚರ. ಶಾಲು, ದುಪಟ್ಟಾ, ಐಡಿ ಕಾರ್ಡಿನ ದಾರ, ಕೊರಳ ಸರ ಯಾವುದೂ ಇಳಿಬಿದ್ದಿರಬಾರದು. ರೇಡಿಯೇಟರ್ ಫ್ಯಾನ್ ಇಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ಅಥವಾ ಸೆಲ್ಲಾರಿನಲ್ಲಿ ಇಂಜಿನ್ ಓಡಿಸಿಕೊಂಡು ಕೆಲಸ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರೋದಿಲ್ಲ.

ಹಂತ 3: ವ್ಯಾಕ್ಯೂಮ್ ಲೀಕ್

ಪೆಟ್ರೋಲ್ ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಥ್ರಾಟಲ್ (ಒಳಗೆ ಹೋಗುವ ಗಾಳಿಗಿರುವ ಬಾಗಿಲು) ಹೆಚ್ಚೂಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಒತ್ತಡ 30ರಿಂದ 40 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಹೊರಗಡೆ ಮಂಗಳೂರಲ್ಲಿ ಸುಮಾರು 101, ಬೆಂಗಳೂರಲ್ಲಿ ಎತ್ತರದ ಕಾರಣ ಸುಮಾರು 91. ಇಷ್ಟು ವ್ಯತ್ಯಾಸ ಇರುವಾಗ ಸೂಜಿ ಗಾತ್ರದ ಬಿರುಕು ಸಾಕು ಸದ್ದು ಮಾಡೋಕೆ. ಆಕ್ಸಿಲರೇಟರ್ ಒತ್ತಿದರೆ ಥ್ರಾಟಲ್ ತೆರೆದು ವ್ಯತ್ಯಾಸ ಕಡಿಮೆಯಾಗುತ್ತದೆ, ಸದ್ದೂ ಇಳಿಯುತ್ತದೆ.

ಜೊತೆಗೆ ಕಾಣುವ ಲಕ್ಷಣ: ಐಡ್ಲಿಂಗ್ ಏರಿರುತ್ತದೆ ಅಥವಾ ಏರಿಳಿಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಕಾರು ನಡುಗುತ್ತದೆ, ಕೆಲವೊಮ್ಮೆ ಚೆಕ್ ಇಂಜಿನ್ ದೀಪ ಹತ್ತುತ್ತದೆ.

ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಮಾಹಿತಿ ಮೊಬೈಲಿಗೆ ಕಳಿಸುವ ಸಾಧನ) ಇದ್ದರೆ ಮೊಬೈಲಿನಲ್ಲೇ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನೋ ಲೆಕ್ಕ. ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡೂ ಸೇರಿ ಶೇಕಡಾ +10ಕ್ಕಿಂತ ಜಾಸ್ತಿ ಇದ್ದು, 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ವ್ಯಾಕ್ಯೂಮ್ ಲೀಕ್ ಅಂತ ಹೆಚ್ಚೂಕಡಿಮೆ ಖಾತ್ರಿ. ಪಿ0171 ಕೋಡ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅನ್ನೋ ದೋಷದ ಸಂಕೇತ) ಬಂದಿರಲೂಬಹುದು. ಆದರೆ ಇಲ್ಲಿ ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಟ್ರಿಮ್ ಹೀಗೆ ಏರೋದು ಮ್ಯಾಫ್ ಸೆನ್ಸರ್, ಅಂದರೆ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ. ನಮ್ಮ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿರೋದು ಮ್ಯಾಪ್ ಸೆನ್ಸರ್, ಅದು ಮ್ಯಾನಿಫೋಲ್ಡ್ ಒತ್ತಡ ನೋಡುತ್ತದೆ. ಕಳ್ಳದಾರಿಯಲ್ಲಿ ಬಂದ ಗಾಳಿಯನ್ನೂ ಅದು ಲೆಕ್ಕಕ್ಕೆ ಹಿಡಿದು ಪೆಟ್ರೋಲ್ ಜಾಸ್ತಿ ಕೊಟ್ಟುಬಿಡುತ್ತದೆ. ಟ್ರಿಮ್ ಚೆನ್ನಾಗೇ ಕಾಣುತ್ತದೆ, ಐಡ್ಲಿಂಗ್ ಮಾತ್ರ 1200, 1300ಕ್ಕೆ ಏರಿ ಕೂತಿರುತ್ತದೆ. ಅಂಥ ಕಾರಿನಲ್ಲಿ ‘ಸ್ಕ್ಯಾನರ್‌ನಲ್ಲಿ ಏನೂ ತೋರಿಸ್ತಿಲ್ಲ ಸಾರ್’ ಅಂತ ಮೆಕ್ಯಾನಿಕ್ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಲೀಕ್ ಇಲ್ಲ ಅಂತ ಮಾತ್ರ ಅದರ ಅರ್ಥ ಅಲ್ಲ.

ಈಗ ಹುಡುಕೋ ಕ್ರಮ. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ ಹೋಗೋ ದಪ್ಪ ರಬ್ಬರ್ ಪೈಪಿನಿಂದ ಶುರು ಮಾಡಿ. ಅದರ ಮಡಿಕೆಗಳನ್ನು ಬಿಡಿಸಿ ನೋಡಿ, ಬಿರುಕು ಹೆಚ್ಚಾಗಿ ಮಡಿಕೆಯ ತಳದಲ್ಲೇ ಅಡಗಿರುತ್ತದೆ. ಆಮೇಲೆ ಮ್ಯಾನಿಫೋಲ್ಡಿನಿಂದ ಹೊರಡುವ ಪ್ರತಿಯೊಂದು ಸಣ್ಣ ಹೋಸನ್ನೂ ಬೆರಳಲ್ಲಿ ಹಿಡಿದು ಬಗ್ಗಿಸಿ. ಇಂಜಿನ್ ಓಡುತ್ತಿರುವಾಗಲೇ ಒಂದೊಂದನ್ನೂ ಬಟ್ಟೆ ಸುತ್ತಿದ ಇಕ್ಕಳದಲ್ಲಿ ಮೆತ್ತಗೆ ಅಮುಕಿ. ಯಾವುದನ್ನು ಅಮುಕಿದಾಗ ಸದ್ದು ನಿಂತು ಐಡ್ಲಿಂಗ್ ಇಳಿಯುತ್ತದೋ, ತೊಂದರೆ ಆ ಹೋಸಿನಲ್ಲಿ ಅಥವಾ ಅದರ ಇನ್ನೊಂದು ತುದಿಯಲ್ಲಿದೆ.

ಜಾಯಿಂಟ್ ಮತ್ತು ಗ್ಯಾಸ್ಕೆಟ್‌ಗೆ (ಎರಡು ಭಾಗಗಳ ನಡುವೆ ಲೀಕ್ ತಡೆಯುವ ಪದರ) ನೀರಿನ ಸ್ಪ್ರೇ ಬಾಟಲಿ ಬಳಸಿ. ಮ್ಯಾನಿಫೋಲ್ಡ್ ಅಂಚಿನ ಉದ್ದಕ್ಕೂ ಸ್ವಲ್ಪ ಸ್ವಲ್ಪ ಸಿಂಪಡಿಸಿ. ಲೀಕ್ ಇರೋ ಕಡೆ ನೀರು ಒಳಗೆ ಎಳೆದುಹೋಗಿ ಸದ್ದು ಒಂದು ಕ್ಷಣ ಬದಲಾಗುತ್ತದೆ. ಇಗ್ನಿಷನ್ ಕಾಯಿಲ್ ಮತ್ತು ವಿದ್ಯುತ್ ಕನೆಕ್ಟರ್‌ಗಳ ಮೇಲೆ ಬೀಳದಂತೆ ನೋಡಿಕೊಳ್ಳಿ. ಕಾರ್ಬ್ ಕ್ಲೀನರ್ ಹೊಡೆಯೋರು ತುಂಬ ಜನ. ಅದು ಬೆಂಕಿ ಹಿಡಿಯುವ ವಸ್ತು, ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ. ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಎಳೆಯುತ್ತದೆ ನೋಡೋ ಪದ್ಧತಿಯೂ ಉಂಟು. ಪೆಟ್ರೋಲ್ ಇಂಜೆಕ್ಟರ್ ಇರೋ ಜಾಗಕ್ಕೆ ಕೆಂಡ ಹಿಡಿದುಕೊಂಡು ಹೋಗೋದು ಯಾಕೆ? ನೀರಲ್ಲಿ ಆಗೋ ಕೆಲಸ. ನೀರಲ್ಲೂ ಸಿಗದಿದ್ದರೆ ಸ್ಮೋಕ್ ಮಷಿನ್ ಇರುವ ಗ್ಯಾರೇಜಿಗೆ ಹೋಗಿ. ಅವರು ಇಂಜಿನ್ ಆಫ್ ಇರುವಾಗ ಒಳಗೆ ಹೊಗೆ ತುಂಬಿ, ಅದು ಎಲ್ಲಿಂದ ಹೊರಗೆ ಬರುತ್ತದೆ ಅಂತ ತೋರಿಸುತ್ತಾರೆ.

ನಮ್ಮ ಬೀದಿಯ ಒಂದು ಹಳೇ ಹ್ಯಾಚ್‌ಬ್ಯಾಕ್‌ಗೆ ಇದೇ ತೊಂದರೆ. ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ ಬಿಲ್ ಕಟ್ಟಿದ್ದಾಯಿತು, ಮುಂದೆ ಸೆನ್ಸರ್ ಬದಲಿಸಬೇಕು ಅಂತ ಅಂದಾಜು ಪಟ್ಟಿಯೂ ಬಂತು. ಕೊನೆಗೆ ಸಿಕ್ಕಿದ್ದು ಪಿಸಿವಿ ವಾಲ್ವ್‌ನಿಂದ (ಇಂಜಿನ್ ಒಳಗಿನ ಆಯಿಲ್ ಆವಿಯನ್ನು ಮತ್ತೆ ಉರಿಯೋಕೆ ಕಳಿಸುವ ವಾಲ್ವ್) ಮ್ಯಾನಿಫೋಲ್ಡಿಗೆ ಹೋಗುವ, ಬೆರಳುದ್ದದ ಬಾಗಿದ ಹೋಸ್. ಮೇಲಿಂದ ನೋಡಿದರೆ ಹೊಸದರಂತೆ ಇತ್ತು. ತಳಭಾಗ ಆಯಿಲ್ ಕುಡಿದು ಉಬ್ಬಿ, ಮೆತ್ತಗಾಗಿತ್ತು. ಬೆರಳಿಂದ ಒತ್ತಿದರೆ ಒಂದು ಸೀಳು ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಕಣ್ಣಿಗೆ ನಂಬಿಕೆ ಕೊಡಬೇಡಿ, ಕೈಯಲ್ಲಿ ಮುಟ್ಟಿಯೇ ನೋಡಿ ಅನ್ನೋದು ಇದಕ್ಕೇ.

ಮಳೆಗಾಲದಲ್ಲಿ ಇನ್ನೊಬ್ಬ ಅಪರಾಧಿ ಸೇರಿಕೊಳ್ಳುತ್ತಾನೆ, ಇಲಿ. ಬೆಚ್ಚಗಿನ ಇಂಜಿನ್ ಮೇಲೆ ಗೂಡು ಕಟ್ಟಿ ಹೋಸು, ವಯರು ಎರಡನ್ನೂ ಕಡಿದು ಹಾಕುತ್ತದೆ. ಹಿಕ್ಕೆ, ತೆಂಗಿನ ನಾರು, ಕಾಳಿನ ಸಿಪ್ಪೆ ಕಂಡರೆ ಹೋಸಿನ ಜೊತೆ ವೈರಿಂಗನ್ನೂ ಪೂರ್ತಿ ನೋಡಿ. ಹೊಗೆಸೊಪ್ಪು ಕಟ್ಟಿಡೋದು ಹಳೇ ಉಪಾಯ. ಇಟ್ಟರೆ ಎಕ್ಸಾಸ್ಟ್‌ನಿಂದ ದೂರ ಇಡಿ, ಒಣಗಿದ ಎಲೆ ಅದು.

ಹೋಸ್ ಬದಲಿಸೋದು ಸುಲಭ. ಹಳೇ ತುಂಡನ್ನೇ ಸ್ಯಾಂಪಲ್ ಆಗಿ ಒಯ್ಯಿರಿ, ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮೂರಿನ ಸ್ಪೇರ್ಸ್ ಅಂಗಡಿಯಾಗಲಿ. ಒಳಗಿನ ಅಳತೆ ಸರಿ ಇರಬೇಕು, ವ್ಯಾಕ್ಯೂಮ್‌ಗೆ ಅಂತಲೇ ಮಾಡಿದ ಗಟ್ಟಿ ರಬ್ಬರ್ ಆಗಿರಬೇಕು. ಪಿಸಿವಿ ಹೋಸ್ ಆದರೆ ಆಯಿಲ್ ತಡೆಯುವಂಥದ್ದು ಕೇಳಿ. ಅಕ್ವೇರಿಯಂ ಟ್ಯೂಬು, ಡ್ರಿಪ್ ಪೈಪು ಹಾಕಿದರೆ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗುತ್ತವೆ. ಇನ್ಸುಲೇಷನ್ ಟೇಪ್ ಮನೆ ತಲುಪೋಕೆ ಸಾಕು, ಅದಕ್ಕಿಂತ ಮುಂದಕ್ಕಲ್ಲ. ಹೋಸ್ ಎಳೆದು ಕೀಳುವಾಗ ಅವಸರ ಮಾಡಬೇಡಿ. ಹಳೇ ಪ್ಲಾಸ್ಟಿಕ್ ಮೂತಿ ಮುರಿದರೆ ಚಿಕ್ಕ ಖರ್ಚು ದೊಡ್ಡದಾಗುತ್ತದೆ. ತಿರುಗಿಸಿ ಸಡಿಲ ಮಾಡಿ, ಬರದಿದ್ದರೆ ಬ್ಲೇಡಿನಲ್ಲಿ ಹೋಸನ್ನೇ ಉದ್ದಕ್ಕೆ ಸೀಳಿ ತೆಗೆಯಿರಿ.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿದ್ದರೆ, ಬೋಲ್ಟ್‌ಗಳನ್ನು ನಡುವಿನಿಂದ ಅಂಚಿನ ಕಡೆಗೆ, ಸರ್ವಿಸ್ ಮ್ಯಾನುಯಲ್ಲಿನ ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ) ಬಿಗಿಯಬೇಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಕೆಲಸ ಗ್ಯಾರೇಜಿಗೆ ಬಿಡಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ (ಇಂಜಿನ್‌ನ ಮೇಲ್ಭಾಗ) ಬೋಲ್ಟ್ ಕೂರುವ ಥ್ರೆಡ್ ಹೋದರೆ ಬಹಳ ರಗಳೆ.

ಬ್ರೇಕ್ ಬೂಸ್ಟರ್

ಇದೂ ವ್ಯಾಕ್ಯೂಮಿನದ್ದೇ ಸಂಸಾರ, ಆದರೆ ಜೀವದ ಪ್ರಶ್ನೆ. ಇಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುತ್ತಿಲ್ಲ. ಇಳಿದರೂ ಒತ್ತಿದಷ್ಟು ಹೊತ್ತು ಉಸ್ಸೆನ್ನುತ್ತಲೇ ಇದ್ದು ಐಡ್ಲಿಂಗ್ ಕದಲಿದರೆ ಒಳಗಿನ ಡಯಾಫ್ರಂ (ರಬ್ಬರ್ ಪರದೆ) ಹರಿದಿದೆ. ಮೊದಲು ಹೋಸಿನಲ್ಲಿರುವ ಒನ್‌ವೇ ವಾಲ್ವ್ ತೆಗೆದು ಊದಿ ನೋಡಿ: ಇಂಜಿನ್ ಕಡೆಗೆ ಮಾತ್ರ ಗಾಳಿ ಹೋಗಬೇಕು. ಎರಡೂ ಕಡೆ ಹೋದರೆ ವಾಲ್ವ್ ಬದಲಿಸಿದರೆ ಸಾಕು. ಡಯಾಫ್ರಂ ಹೋಗಿದ್ದರೆ ಬೂಸ್ಟರನ್ನೇ ಬದಲಿಸಬೇಕು. ಅಲ್ಲಿಯವರೆಗೆ ಘಾಟಿ ಇಳಿಯೋ ಯೋಚನೆ ಬಿಡಿ. ಬ್ರೇಕ್ ಇರುತ್ತದೆ, ಆದರೆ ಕಾಲಿನ ಪೂರ್ತಿ ಬಲ ಬೇಕಾಗುತ್ತದೆ.

ಹಂತ 4: ಕೂಲೆಂಟ್ ಲೀಕ್

ಚಾರ್ಮಾಡಿಯಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ, ಎಸಿ ಹಾಕಿಕೊಂಡು ಹತ್ತುವಾಗ ಕೂಲಿಂಗ್ ವ್ಯವಸ್ಥೆಯ ಬಂಡವಾಳ ಬಯಲಾಗುತ್ತದೆ. ಬುಸ್ಸೆಂದಿತು, ಸಿಹಿ ವಾಸನೆ ಬಂತು ಅಂದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಕ್ಯಾಪ್ ಮುಟ್ಟಬೇಡಿ. ಒಳಗೆ 100 ಡಿಗ್ರಿ ದಾಟಿದ ದ್ರವ ಒತ್ತಡದಲ್ಲಿರುತ್ತದೆ, ಕ್ಯಾಪ್ ತೆಗೆದ ಕ್ಷಣ ಪೂರ್ತಿ ಕುದಿದು ಮುಖಕ್ಕೆ ಹಾರುತ್ತದೆ. ಮೇಲಿನ ರೇಡಿಯೇಟರ್ ಹೋಸನ್ನು ಕೈಯಲ್ಲಿ ಆರಾಮಾಗಿ ಹಿಡಿಯುವಷ್ಟು ತಣ್ಣಗಾಗಬೇಕು. ಅರ್ಧ ಗಂಟೆಯಲ್ಲಿ ಆಗಲಿಲ್ಲ ಅಂದರೆ ಇನ್ನೂ ಕಾಯಿರಿ. ಬಿಸಿ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಈ ಕ್ಯಾಪ್ ಬಗ್ಗೆ ಒಂದು ಮಾತು. ಬಹಳ ಜನ ಅದನ್ನು ಬರೀ ಮುಚ್ಚಳ ಅಂದುಕೊಂಡಿದ್ದಾರೆ. ಅದು ಒತ್ತಡದ ವಾಲ್ವ್, ಸಾಮಾನ್ಯವಾಗಿ 0.9 ಅಥವಾ 1.1 ಬಾರ್ ಅಂತ ಮೇಲೇ ಬರೆದಿರುತ್ತದೆ. 1 ಬಾರ್ ಒತ್ತಡ ಹಿಡಿದಿಟ್ಟರೆ ನೀರು ಸುಮಾರು 120 ಡಿಗ್ರಿವರೆಗೂ ಕುದಿಯೋದಿಲ್ಲ. ಕ್ಯಾಪಿನ ರಬ್ಬರ್ ಹಾಳಾಗಿ ಒತ್ತಡ ನಿಲ್ಲದಿದ್ದರೆ, ಬೆಂಗಳೂರಿನ ಎತ್ತರದಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಫ್ಯಾನ್ ಶುರುವಾಗೋದೇ ಹೆಚ್ಚೂಕಡಿಮೆ ಆ ಬಿಸಿಯಲ್ಲಿ! ಕೂಲೆಂಟ್ ಬದಲು ನಲ್ಲಿ ನೀರು ಹಾಕಿಕೊಂಡು ಓಡಿಸುವವರ ಕಾರು ಟ್ರಾಫಿಕ್ಕಿನಲ್ಲಿ ಉಸ್ಸೆನ್ನೋದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ. ಕ್ಯಾಪ್ ಬೆಲೆ ಕೆಲವು ನೂರು ರೂಪಾಯಿ. ಅನುಮಾನ ಬಂದರೆ ಅದೇ ರೇಟಿಂಗಿನದ್ದು ಹೊಸದು ಹಾಕಿಬಿಡಿ.

ಲೀಕ್ ಹುಡುಕೋದು ತಣ್ಣಗಿರುವಾಗ. ಒಣಗಿದ ಕೂಲೆಂಟ್ ಬಿಳಿ, ಹಸಿರು ಅಥವಾ ಗುಲಾಬಿ ಕಲೆ ಬಿಟ್ಟಿರುತ್ತದೆ. ಹೋಸ್ ತುದಿಗಳು, ಥರ್ಮೋಸ್ಟಾಟ್ ಹೌಸಿಂಗ್, ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚು, ಇಷ್ಟನ್ನು ಟಾರ್ಚ್ ಹಾಕಿ ನೋಡಿ. ಸಿಗದಿದ್ದರೆ ಗ್ಯಾರೇಜಿನ ಕೈಪಂಪಿನ ಪ್ರೆಷರ್ ಟೆಸ್ಟರ್ ಹಾಕಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡಿ. ಮುಳ್ಳು ಇಳಿದರೆ ಲೀಕ್ ಇದೆ. ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ನೋಡಿ: ಕಾರ್ಪೆಟ್ ಒದ್ದೆ, ಗ್ಲಾಸ್ ಮೇಲೆ ಜಿಡ್ಡು ಮಂಜು. ಅದೂ ಅಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಕಲ್ಲಾಗುತ್ತದೆ, ಟ್ಯಾಂಕಿನಲ್ಲಿ ಗುಳ್ಳೆ ಬರುತ್ತಲೇ ಇರುತ್ತದೆ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿರಬಹುದು. ಹಾಗಿದ್ದರೆ ಓಡಿಸಬೇಡಿ, ಟೋ ಮಾಡಿಸಿ.

ಹೋಸ್, ಕ್ಲಿಪ್ ಬದಲಿಸಿದ ಮೇಲೆ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ ತುಂಬಿ. ಡಬ್ಬಿ ಮೇಲೆ ‘ರೆಡಿ ಟು ಯೂಸ್’ ಅಂತಿದ್ದರೆ ನೀರು ಬೇಡ. ಬೋರ್‌ವೆಲ್ ನೀರಿನ ಗಡಸುತನ ರೇಡಿಯೇಟರ್ ಒಳಗೆ ಸುಣ್ಣವಾಗಿ ಕೂರುತ್ತದೆ. ಹೀಟರ್ ಆನ್ ಇಟ್ಟು, ಗಾಳಿ ಬಿಡೋ ಸ್ಕ್ರೂ ಇದ್ದರೆ ತೆರೆದು, ಗುಳ್ಳೆ ನಿಲ್ಲುವವರೆಗೆ ತುಂಬಿಸಿ. ಸಣ್ಣ ತೂತಿಗೆ ಅರಿಶಿನ ಪುಡಿ ಹಾಕೋ ಹಳೇ ಡ್ರೈವರುಗಳ ಉಪಾಯ ನಡುರಸ್ತೆಯಲ್ಲಿ ಕೈ ಹಿಡಿಯುವುದುಂಟು. ಊರು ತಲುಪಿದ ಮೇಲೆ ಪೂರ್ತಿ ಫ್ಲಶ್ ಮಾಡಿಸದಿದ್ದರೆ ಅದೇ ಹೀಟರ್ ಕಟ್ಟಿಕೊಳ್ಳೋಕೆ ಕಾರಣ.

ಹಂತ 5: ಉಳಿದವು

ಟರ್ಬೋ ಪೈಪಿನ ಲೀಕನ್ನು ಐಡ್ಲಿಂಗ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ, ಆಗ ಒತ್ತಡವೇ ಇರೋದಿಲ್ಲ. ಟರ್ಬೋದಿಂದ ಇಂಟರ್‌ಕೂಲರಿಗೆ (ಆ ಗಾಳಿ ತಣಿಸುವ ರೇಡಿಯೇಟರ್), ಅಲ್ಲಿಂದ ಇಂಜಿನ್‌ಗೆ ಹೋಗೋ ಪೈಪುಗಳ ಜಾಯಿಂಟ್ ನೋಡಿ. ಲೀಕ್ ಇರುವ ಕಡೆ ಆಯಿಲ್ ಜಿಡ್ಡಿನ ಮೇಲೆ ಧೂಳು ಮೆತ್ತಿರುತ್ತದೆ. ಡೀಸೆಲ್ ಕಾರಿನಲ್ಲಿ ಕಪ್ಪು ಹೊಗೆಯೂ ಜೊತೆಗಿರುತ್ತದೆ. ಎಷ್ಟೋ ಸಲ ಕ್ಲಿಪ್ ಸರಿದಿರುತ್ತದೆ ಅಷ್ಟೇ. ಪೆಟ್ರೋಲ್ ಟರ್ಬೋ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ‘ಪ್ಶ್’ ಅಂದರೆ ಅದು ಸಹಜ.

ಎಕ್ಸಾಸ್ಟ್ ಲೀಕಿನ ಗುರುತು ಜಾಯಿಂಟಿನ ಪಕ್ಕದ ಕಪ್ಪು ಮಸಿ. ಬಿಟ್ಟರೆ ವಿಷದ ಹೊಗೆ ಕಾರಿನೊಳಗೆ ಬರಬಹುದು, ಬೇಗ ಮಾಡಿಸಿ. ಡೀಸೆಲ್ ಇಂಜಿನ್‌ನಲ್ಲಿ ಇಂಜೆಕ್ಟರ್ ಬುಡದಿಂದ ಚುಫ್ ಚುಫ್ ಅಂತ ಬಂದು, ಸುತ್ತ ಡಾಂಬರಿನಂಥ ಕಪ್ಪು ಗಟ್ಟಿಯಾಗಿದ್ದರೆ ಕೆಳಗಿನ ತಾಮ್ರದ ವಾಷರ್ ಹೋಗಿದೆ. ವಾಷರ್ ಅಗ್ಗ, ಅಂಟಿಕೊಂಡ ಇಂಜೆಕ್ಟರ್ ಕೀಳೋದು ದುಬಾರಿ, ಹಾಗಾಗಿ ತಡ ಮಾಡಬೇಡಿ.

ಎಸಿ ಹಾಕಿದ್ದ ಕಾರನ್ನು ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಉಸ್ಸೆನ್ನೋದು ಒಳಗಿನ ಒತ್ತಡ ಸಮ ಆಗೋ ಸದ್ದು. ಓಡುವಾಗಲೂ ಡ್ಯಾಶ್‌ಬೋರ್ಡಿನಿಂದ ಬರುತ್ತಿದ್ದು ತಂಪು ಕಡಿಮೆಯಾಗಿದ್ದರೆ ಗ್ಯಾಸ್ ಕಮ್ಮಿ ಇದೆ. ಲೀಕ್ ಹುಡುಕದೆ ಸುಮ್ನೆ ಗ್ಯಾಸ್ ತುಂಬಿಸೋದು ದುಡ್ಡನ್ನು ಗಾಳಿಗೆ ಬಿಟ್ಟ ಹಾಗೆ.

ಬ್ಯಾಟರಿ ಕಡೆಯಿಂದ ಸದ್ದು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಓವರ್‌ಚಾರ್ಜ್ ಆಗುತ್ತಿದೆ. ಇಂಜಿನ್ ಆಫ್ ಮಾಡಿ, ಹತ್ತಿರ ಕಿಡಿ ಬರದಂತೆ ನೋಡಿಕೊಳ್ಳಿ, ಬರೋ ಗ್ಯಾಸಿನಲ್ಲಿ ಬೆಂಕಿ ಹಿಡಿಯುವ ಹೈಡ್ರೋಜನ್ ಇರುತ್ತದೆ. ತಣ್ಣಗಾಗಿ ವಾಸನೆ ಹೋದ ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ವೋಲ್ಟೇಜ್ ಅಳೆಸಿ. ಇಂಜಿನ್ ಓಡುವಾಗ 15 ದಾಟಿದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ನೋಡಬೇಕು.

ಕೆಲಸ ಆದ ಮೇಲೆ

ಕೋಡ್ ಇದ್ದರೆ ಅಳಿಸಿ, ಮತ್ತೆ ತಣ್ಣಗಿನ ಇಂಜಿನ್‌ನಿಂದ ಫ್ಯಾನ್ ತಿರುಗುವವರೆಗೆ ಓಡಿಸಿ ಕೇಳಿ. ಬಹಳಷ್ಟು ಕಾರುಗಳಲ್ಲಿ ಬಿಸಿ ಇಂಜಿನ್ ಐಡ್ಲಿಂಗ್ 700ರಿಂದ 900ರ ನಡುವೆ ನಿಲ್ಲಬೇಕು. ಕೂಲೆಂಟ್ ಕೆಲಸ ಆಗಿದ್ದರೆ ಮರುದಿನ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ ಮಟ್ಟ ನೋಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹೋಗಿ ಸ್ವಲ್ಪ ಇಳಿದಿದ್ದರೆ ತುಂಬಿಸಿ. ಅದರ ಮರುದಿನವೂ ಇಳಿದರೆ ಇನ್ನೊಂದು ಲೀಕ್ ಬಾಕಿ ಇದೆ.

ಗ್ಯಾರೇಜಿಗೇ ಕೊಡುವುದಾದರೆ ‘ಏನೋ ಸದ್ದು ಬರ್ತಿದೆ’ ಅನ್ನಬೇಡಿ. ‘ಐಡ್ಲಿಂಗ್‌ನಲ್ಲಿ ಜಾಸ್ತಿ, ರೇಸ್ ಮಾಡಿದ್ರೆ ಕಮ್ಮಿ ಆಗುತ್ತೆ, ಥ್ರಾಟಲ್ ಬಾಡಿ ಹಿಂದೆ, ಬಿಸಿ ಆದ್ರೂ ಬದಲಾಗಲ್ಲ’ ಅಂತ ಹೇಳಿ. ಸದ್ದಿನ ವಿಡಿಯೋ ತೆಗೆದಿಟ್ಟುಕೊಳ್ಳಿ, ಗ್ಯಾರೇಜಿನ ಗೇಟು ದಾಟಿದ ಕೂಡಲೇ ಸುಮ್ಮನಾಗೋ ಕಾರುಗಳೇ ಜಾಸ್ತಿ. ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ ತಗೊಳ್ಳಿ.